ಮನೆಯಲ್ಲಿ ಕರೆಯುವ ಹೆಸರು

ದಕ್ಷಿಣಾಮೂರ್ತಿಯವರಿಗೆ ನೌಕರಿಯ ಕೊನೆಗಾಲದಲ್ಲಿ ಒಂದೇ ಒಂದು ಆಸೆ ಉಳಿದಿತ್ತು. ಅಚ್ಚಾದ ಪುಸ್ತಕವೊಂದರ ಮೊದಲ ಪುಟದಲ್ಲಿ, ‘ಸಮಿತಿಯ ಸದಸ್ಯರು’ ಅನ್ನುವ ತಲೆಬರಹದ ಕೆಳಗೆ ತಮ್ಮ ಹೆಸರು ಬರಬೇಕು. ಪುಸ್ತಕ ಅಂದರೆ ಕಥೆಯಲ್ಲ, ಕಾದಂಬರಿಯಲ್ಲ. ಆಸ್ಪತ್ರೆಗೆ ಬರುವವರ ವಿವರವನ್ನು ಕಂಪ್ಯೂಟರಿನಲ್ಲಿ ಹೇಗೆ ಬರೆದಿಡಬೇಕು, ಏನು ಬರೆಯಲೇಬೇಕು, ಏನು ಬೇಡ, ಯಾರು ನೋಡಬಹುದು, ಯಾರು ತಿದ್ದಬಹುದು ಅಂತ ಹೇಳುವ ಎಂಬತ್ತು ಪುಟದ ನಿಯಮಾವಳಿ. ‘ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡ’ ಅಂತ ಅದರ ಹೆಸರು. ಓದಲು ಕೂತರೆ ನಿದ್ದೆ ಗ್ಯಾರಂಟಿ. ಆದರೆ ಮೂವತ್ತಾರು ವರ್ಷ ಆಸ್ಪತ್ರೆಯ ರೆಕಾರ್ಡ್ ಸೆಕ್ಷನ್ನಿನಲ್ಲಿ ದೂಳು ಕುಡಿದ ಮನುಷ್ಯನಿಗೆ ಅದೇ ರಾಮಾಯಣ, ಅದೇ ಭಾರತ. ಏನು ಮಾಡೋಣ!

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲೂಕಿನಿಂದ ಒಬ್ಬೊಬ್ಬರನ್ನು ಆರಿಸಿ ಸಮಿತಿ ಮಾಡಿದ್ದರು. ಡಾಕ್ಟರ್ ಯಾಮಿನಿ ಅದರ ಅಧ್ಯಕ್ಷೆ. ಕಂಪ್ಯೂಟರಿನ ಕೆಲಸಕ್ಕೆ ವಿವೇಕ್ ಅನ್ನುವ ಎಂಜಿನಿಯರ್. ಶಿಡ್ಲಘಟ್ಟದ ಪರವಾಗಿ ನಮ್ಮ ದಕ್ಷಿಣಾಮೂರ್ತಿ. ಒಂದು ವರ್ಷಕ್ಕೂ ಮೇಲೆ, ಹದಿನೈದು ದಿನಕ್ಕೊಂದು ಶುಕ್ರವಾರ, ಇವರು ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಒಂದೊಂದು ಅಲ್ಪವಿರಾಮಕ್ಕೂ ಜಗಳ ಆಡಿ ಬಂದಿದ್ದರು. ಆರಿಸಿದ ಕೆಲವು ಹಳ್ಳಿಗಳಲ್ಲಿ ಮೂರು ತಿಂಗಳಿಂದ ಪ್ರಯೋಗವೂ ನಡೆದಿತ್ತು. ಇನ್ನು ಬರುವ ಶುಕ್ರವಾರ ಒಪ್ಪಿಗೆಯ ಸಭೆ. ಅದಾಗಿ ಒಂದು ವಾರಕ್ಕೆ ಇವರ ನಿವೃತ್ತಿ. ಒಪ್ಪಿಗೆಯ ದಿನ ಯಾರು ನೌಕರಿಯಲ್ಲಿ ಇರುತ್ತಾರೋ ಅವರ ಹೆಸರು ಮಾತ್ರ ಪುಸ್ತಕದಲ್ಲಿ ಅಚ್ಚಾಗುವುದು ಪದ್ಧತಿ. ಹೆಂಡತಿ ಜಾನಕಮ್ಮ ಆಗಲೇ ಅರ್ಧ ಬಂಧುಬಳಗಕ್ಕೆ ಸುದ್ದಿ ಮುಟ್ಟಿಸಿ, ಷೋಕೇಸಿನಲ್ಲಿದ್ದ ಗಾಜಿನ ನವಿಲನ್ನು ಪಕ್ಕಕ್ಕೆ ಸರಿಸಿ ಪುಸ್ತಕಕ್ಕೆ ಜಾಗ ಮಾಡಿದ್ದರು.

ಎಂಬತ್ತು ಪುಟದಲ್ಲಿ ಹದಿನಾರನೇ ಕಲಮು ಪೂರ್ತಿ ದಕ್ಷಿಣಾಮೂರ್ತಿಯವರದೇ. ಗುರುತಿನ ಸಂಖ್ಯೆ ಇಲ್ಲದ ಹಳೇ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಬ್ಬನೇ ರೋಗಿ ನಾಲ್ಕು ಕಡೆ ನಾಲ್ಕು ಮಂದಿಯಾಗಿ ಕೂತಿರುತ್ತಾನೆ. ಇದು ಅವರಿಗೆ ಜೀವಮಾನದ ತಲೆನೋವು. ಅದಕ್ಕೇ ಬರೆದರು: ಹೆಸರು, ಮನೆ ಯಜಮಾನನ ಹೆಸರು, ಊರು, ಹುಟ್ಟಿದ ವರ್ಷ, ಮೊಬೈಲ್ ನಂಬರು, ಈ ಐದೂ ಒಂದೇ ಆಗಿದ್ದಲ್ಲಿ ಒಬ್ಬನೇ ವ್ಯಕ್ತಿಯೆಂದು ತಿಳಿದು ದಾಖಲೆಗಳನ್ನು ಒಂದುಗೂಡಿಸತಕ್ಕದ್ದು; ವಿವರಗಳಲ್ಲಿ ವ್ಯತ್ಯಾಸವಿದ್ದಲ್ಲಿ ಇತ್ತೀಚಿನದೇ ನಿಲ್ಲತಕ್ಕದ್ದು. ಬರೆದ ದಿನ ಎರಡು ಸಲ ಗಟ್ಟಿಯಾಗಿ ಓದಿಕೊಂಡು ತಾವೇ ತಲೆದೂಗಿದ್ದರು.

ಮಂಗಳವಾರ ಬೆಳಿಗ್ಗೆ ಮೇಲೂರಿನ ನರ್ಸಮ್ಮ ವೆಂಕಟರತ್ನಮ್ಮ ಕಂಕುಳಲ್ಲಿ ಹಳೇ ರಿಜಿಸ್ಟರೊಂದನ್ನು ಅವುಚಿಕೊಂಡು ಇವರ ಮೇಜಿನ ಮುಂದೆ ನಿಂತರು. ಇಪ್ಪತ್ತೇಳು ವರ್ಷದಿಂದ ಮೇಲೂರಿನ ಮನೆಮನೆ ತಿರುಗಿದ ಹೆಂಗಸು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇಲ್ಲ.

“ಸಾರ್, ನಮ್ಮೂರಲ್ಲಿ ಇಬ್ರು ಗಂಡಸರು ಕಾಣೆಯಾಗವ್ರೆ.”

“ಪೊಲೀಸಿಗೆ ಹೇಳೋದು ಬಿಟ್ಟು ನನ್ನ ಹತ್ರ ಯಾಕಮ್ಮ ಬಂದ್ರಿ?”

“ಪೊಲೀಸ್ನೋರ ಕೈಗೆ ಸಿಕ್ಕಲ್ಲ ಸಾರ್. ನಿಮ್ಮ ಕಂಪ್ಯೂಟರಲ್ಲೇ ಕಾಣೆಯಾಗಿರೋದು.”

ಸಂಗತಿ ಇಷ್ಟು. ಹಿಂದಿನ ದಿನ ಒಬ್ಬ ರೈತ ಕಾಲಿಗೆ ಹಿಪ್ಪುನೇರಳೆ ಕೂಳೆ ಚುಚ್ಚಿಸಿಕೊಂಡು ಬಂದಿದ್ದ. ಡಾಕ್ಟರು ಕಂಪ್ಯೂಟರ್ ನೋಡಿದರು: ವೆಂಕಟರವಣಪ್ಪ, ವಯಸ್ಸು ಐವತ್ತೈದು, ಮೈಗೆ ಆಗದ ಔಷಧಿ ಯಾವುದೂ ಇಲ್ಲ. ಪೆನ್ಸಿಲಿನ್ ಜಾತಿಯ ಇಂಜೆಕ್ಷನ್ ಬರೆದರು. ಸಿರಿಂಜು ಕೈಗೆತ್ತಿಕೊಂಡ ವೆಂಕಟರತ್ನಮ್ಮ ಮುಖ ನೋಡಿದವರೇ ಹೌಹಾರಿ ಸಿರಿಂಜು ಕೆಳಗಿಟ್ಟರು. ಆರು ವರ್ಷದ ಹಿಂದೆ ಚಿಂತಾಮಣಿಗೆ ಮದುವೆಗೆ ಹೋಗಿದ್ದಾಗ ಇದೇ ಔಷಧಿ ತಗೊಂಡು ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದ ಮನುಷ್ಯ ಅವನು!

“ಅವ್ನು ನಡಿಪೋಡು ಸಾರ್. ಪೆದ್ದೋಡು ಹೋದ ತಿಂಗಳು ಬಂದು ಬಿಪಿ ತೋರಿಸ್ಕೊಂಡು, ನಂಗೆ ಎಲ್ಲಾ ಔಷಧೀನೂ ಆಗ್ತದೆ ಅಂತ ಬರೆಸಿ ಹೋಗಿದ್ದ. ನಿಮ್ಮ ಕಂಪ್ಯೂಟರು ಮೂರು ಜನಾನೂ ಸೇರಿಸಿ ಒಬ್ಬನ್ನ ಮಾಡಿ, ಕೊನೆಗೆ ಬಂದೋನ ಮಾತೇ ನಿಲ್ಲಿಸ್ಕೊಂಡದೆ.”

ವೆಂಕಟರತ್ನಮ್ಮ ರಿಜಿಸ್ಟರು ಬಿಡಿಸಿದರು. ವೆಂಕಟರವಣಪ್ಪ ಎಂಬ ಹೆಸರು ಮೂರು ಸಾಲು. ಪಕ್ಕದಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಒಂದೊಂದೇ ಅಕ್ಷರ: ಪೆ, ನ, ಚಿ. ಪೆದ್ದೋಡು, ನಡಿಪೋಡು, ಚಿನ್ನೋಡು. ದೊಡ್ಡವನು, ನಡುವಿನವನು, ಚಿಕ್ಕವನು. ಆ ಕಡೆ ಅರ್ಧ ಮಾತು ತೆಲುಗಿನಲ್ಲೇ ನಡೆಯುವುದು.

ದಕ್ಷಿಣಾಮೂರ್ತಿಯವರಿಗೆ ಮೊದಲು ಬಂದದ್ದು ಸಿಟ್ಟು. “ಅಂಚು ಇರೋದು ಹೊಲಿಗೆ ಹಾಕೋಕೆ ಕಣಮ್ಮ, ಬರೆಯೋಕಲ್ಲ,” ಅಂತ ರೇಗಿದರು. ರೇಗುತ್ತಿದ್ದ ಹಾಗೇ ಇನ್ನೊಂದು ನೆನಪಾಯಿತು. ರಿಜಿಸ್ಟರು ನೋಡಿ ಟೈಪು ಮಾಡುವ ಹುಡುಗಿಯರಿಗೆ ಅವರೇ ಸುತ್ತೋಲೆ ಕಳಿಸಿದ್ದರು: ಅಂಚಿನಲ್ಲಿರುವ ಗೀಚು ಬರಹವನ್ನು ಪರಿಗಣಿಸತಕ್ಕದ್ದಲ್ಲ. ಕೆಳಗೆ ಇವರದೇ ರುಜು. ರೇಗುವುದನ್ನು ನಿಲ್ಲಿಸಿ ಛತ್ರಿ ತಗೊಂಡರು. “ನಡೀರಿ, ಆ ಮನೆ ತೋರಿಸಿ.”

ಮೇಲೂರಿನ ಆ ಮನೆ ದೊಡ್ಡ ಕೂಡು ಕುಟುಂಬ. ಯಜಮಾನ ಆವಲಪ್ಪನಿಗೆ ಎಂಬತ್ತೆರಡು. ಅಂಗಳದಲ್ಲಿ ಐವತ್ತು ದಾಟಿದ ಮೂವರು ಗಂಡಸರು ಕೂತು ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಉಜ್ಜಿ ಚೊಕ್ಕ ಮಾಡುತ್ತಿದ್ದರು. ಒಬ್ಬನ ಕಾಲಿಗೆ ಬ್ಯಾಂಡೇಜು ಇತ್ತು. ದಕ್ಷಿಣಾಮೂರ್ತಿಯವರು ಕನ್ನಡಕ ಏರಿಸಿ, ಕಾಗದ ಹಿಡಿದು, ಕಚೇರಿಯ ಗತ್ತಿನಲ್ಲಿ ಕೂಗಿದರು: “ವೆಂಕಟರವಣಪ್ಪ ಯಾರು?”

ಮೂವರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಇನ್ನೊಂದು ಸಲ ಕೂಗಿದರು. ಒಳಗಿನಿಂದ ಗಂಗುಲಮ್ಮ ಎಂಬ ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಗೋಡೆಯ ಮೇಲೆ ಹಾರ ಹಾಕಿದ್ದ ಫೋಟೋ ತೋರಿಸಿದಳು. “ಅಗೋ ಅವ್ರೇ ಸಾಮಿ. ಹೋಗಿ ಮೂವತ್ತು ವರ್ಷ ಆಯ್ತು. ಏನಾಗ್ಬೇಕಿತ್ತು?”

ವೆಂಕಟರತ್ನಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ದಕ್ಷಿಣಾಮೂರ್ತಿಯವರ ಗತ್ತು ಅಲ್ಲಿಗೆ ಇಳಿಯಿತು. ಜಗಲಿ ಮೇಲೆ ಕೂತರು, ಕೊಟ್ಟ ಮಜ್ಜಿಗೆ ಕುಡಿದರು, ಗಂಗುಲಮ್ಮ ಹೇಳಿದ್ದನ್ನು ಕೇಳಿದರು.

“ನಮ್ಮ ಮಾವನೋರು ಅವ್ರು. ಮೂರು ಜನ ಗಂಡುಮಕ್ಳು, ಮೂರು ಜನ ಸೊಸೆದೀರು. ಮೂರು ಜನಾನೂ ಒಂದೇ ವರ್ಷ ಹೆತ್ವಿ. ಮೊದ್ಲ ಮಗ ಅಂದ್ಮೇಲೆ ತಾತನ ಹೆಸರು ಇಡ್ಬೇಕಲ್ಲಪ್ಪ? ಯಾರು ಬಿಟ್ಟುಕೊಡ್ತಾರೆ? ಮೂರು ಜನಾನೂ ಇಟ್ರು. ಹೆಸರೇನೋ ಇಟ್ರು, ಕರೆಯೋರ್ಯಾರು? ಮಾವನ ಹೆಸರು ನಮ್ಮ ಬಾಯಲ್ಲಿ ಹೆಂಗ್ ಬರ್ತದೆ? ಅದಕ್ಕೇ ಪೆದ್ದೋಡು, ನಡಿಪೋಡು, ಚಿನ್ನೋಡು. ನಡಿಪೋಡು ನನ್ನ ಮಗ. ಹುಟ್ದಾಗಿಂದ ಒಂದಿನಾನೂ ಅವ್ನ ಆ ಹೆಸರಿಡ್ದು ಕರೆದಿಲ್ಲ ನಾನು.”

ಹಾಗೆ ಮೂವರಿಗೂ ಒಂದೇ ಹೆಸರು, ಒಬ್ಬನೇ ಯಜಮಾನ, ಒಂದೇ ಊರು, ಒಂದೇ ವರ್ಷ. ಉಳಿದದ್ದು ಮೊಬೈಲ್ ನಂಬರು. ಅದಕ್ಕೆ ಮನೆಯ ಸೊಸೆ ಭಾನುಪ್ರಿಯಾ ಹತ್ತಿರ ಉತ್ತರ ಇತ್ತು. “ಮೆಸೇಜ್ ಬಂದ್ರೆ ಓದಿ ಹೇಳೋಳು ನಾನೇ ಸಾರ್. ಅದಕ್ಕೆ ಎಲ್ರಿಗೂ ನನ್ನ ನಂಬರೇ ಕೊಟ್ಟಿದ್ವಿ. ವೆಂಕಟರವಣಪ್ಪ ಅವರ ದಾಖಲೆ ಒಂದುಗೂಡಿಸಲಾಗಿದೆ ಅಂತ ಬಂತು. ಒಳ್ಳೇದೇ ಇರ್ಬೇಕು ಅಂತ ಓಕೆ ಒತ್ತಿದೆ.”

ಐದಕ್ಕೆ ಐದೂ ಕೂಡಿತ್ತು. ತಮ್ಮ ಕಲಮನ್ನು ಇಷ್ಟು ಚೆನ್ನಾಗಿ ಪಾಲಿಸಿದ ಮನೆ ನಾಲ್ಕು ತಾಲೂಕಿನಲ್ಲಿ ಇನ್ನೊಂದು ಇರಲಾರದು ಅನ್ನಿಸಿತು ದಕ್ಷಿಣಾಮೂರ್ತಿಯವರಿಗೆ.

ಬ್ಯಾಂಡೇಜು ಕಟ್ಟಿದ್ದ ನಡಿಪೋಡು ಕುಂಟುತ್ತ ಬಂದು ಎದುರಿಗೆ ಕೂತ. ಮೆದು ಮಾತಿನ ಮನುಷ್ಯ.

“ಏನಪ್ಪ, ನಿಂಗೆ ಆ ಔಷಧಿ ಆಗಲ್ಲ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳೋಕೇನಾಗಿತ್ತು?”

“ಯಾಕೆ ಹೇಳ್ಲಿ ಸಾರ್? ಎಲ್ಲಾ ಅದ್ರಲ್ಲೇ ಇರ್ತದೆ ಅಂದ್ರಲ್ಲ.”

“ಚಿಂತಾಮಣಿ ಡಾಕ್ಟರು ಏನಾದ್ರೂ ಬರೆದು ಕೊಟ್ಟಿದ್ರಾ?”

“ಕೊಟ್ಟಿದ್ರು. ಕೆಂಪಕ್ಷರದ ಚೀಟಿ. ಪ್ಲಾಸ್ಟಿಕ್ ಸುತ್ಕೊಂಡು ಆರು ವರ್ಷ ಬನಿಯನ್ ಜೇಬಲ್ಲಿ ಇಟ್ಕೊಂಡಿದ್ದೆ. ಸೊಪ್ಪು ಕುಯ್ಯೋಕೆ ಹೋದ್ರೂ ಇರ್ತಿತ್ತು. ಆಮೇಲೆ ನಿಮ್ಮೋರು ಒಂದು ಕರಪತ್ರ ಹಂಚಿದ್ರಲ್ಲ? ‘ಇನ್ನು ಚೀಟಿ ಹೊತ್ತು ತಿರುಗಬೇಕಾಗಿಲ್ಲ, ನಿಮ್ಮ ವಿವರ ನಮ್ಮಲ್ಲಿ ಭದ್ರ’ ಅಂತ. ಭಾನು ಓದಿ ಹೇಳಿದ್ಲು. ಸರಿ ಬಿಡು ಅಂತ ಒಲೆಗೆ ಹಾಕ್ದೆ.”

ಆ ಕರಪತ್ರದ ಸಾಲು ದಕ್ಷಿಣಾಮೂರ್ತಿಯವರದೇ. ‘ಭದ್ರ’ ಅನ್ನುವ ಪದಕ್ಕಾಗಿ ಒಂದು ಇಡೀ ಮಧ್ಯಾಹ್ನ ಯೋಚಿಸಿದ್ದರು. ಈ ಮನುಷ್ಯ ನಿನ್ನೆ ಬೇರೆ ಊರಿನ ಆಸ್ಪತ್ರೆಗೆ ಹೋಗಿದ್ದರೆ, ಅಲ್ಲಿ ವೆಂಕಟರತ್ನಮ್ಮನ ಬದಲು ಗುರುತಿಲ್ಲದ ನರ್ಸು ಇದ್ದಿದ್ದರೆ, ಗಂಗುಲಮ್ಮ ಈ ಹೊತ್ತಿಗೆ ಮಜ್ಜಿಗೆ ಕೊಡುತ್ತಿರಲಿಲ್ಲ.

ಡೈರಿಯಿಂದ ಹಾಳೆ ಹರಿದರು. ವೆಂಕಟರತ್ನಮ್ಮನ ಕೆಂಪು ಪೆನ್ನು ಇಸಕೊಂಡು ದಪ್ಪ ಅಕ್ಷರದಲ್ಲಿ ಬರೆದರು: ಪೆನ್ಸಿಲಿನ್ ಕೊಡಬಾರದು. ಕೆಳಗೆ ನರ್ಸಮ್ಮನ ರುಜು ಹಾಕಿಸಿ, ಮಡಿಸಿ, ನಡಿಪೋಡನ ಕೈಗಿಟ್ಟರು. “ಇದನ್ನ ಜೇಬಿಂದ ತೆಗೀಬೇಡ. ಯಾವ ಡಾಕ್ಟರು ಸಿಕ್ಕಿದ್ರೂ ಮೊದ್ಲು ಇದನ್ನ ತೋರಿಸು.”

“ಮತ್ತೆ ಚೀಟೀನಾ ಸಾರ್?” ಅಂದ ನಡಿಪೋಡು. ಅವನಿಗೆ ಕುಹಕ ಗೊತ್ತಿರಲಿಲ್ಲ. ನಿಜವಾಗಿಯೂ ಕೇಳಿದ್ದ.

ಆ ಸಂಜೆ ಮನೆಯಲ್ಲಿ ವಿವೇಕನಿಗೆ ಫೋನು ಹಚ್ಚಿದರು. ಹುಡುಗ ಒಳ್ಳೆಯವನೇ, ಪಾಪ. “ಸಾರ್, ಆ ಮೂರು ದಾಖಲೆ ಈಗ್ಲೇ ಬಿಡಿಸಿ, ಅಲರ್ಜಿ ವಾಪಸ್ ಹಾಕ್ತೀನಿ. ಶುಕ್ರವಾರ ಅಪ್ರೂವ್ ಆಗಿಬಿಡ್ಲಿ. ಕಲಮು ತಿದ್ದೋದು ಮುಂದಿನ ಆವೃತ್ತಿಗೆ ನೋಡ್ಕೊಳ್ಳೋಣ. ನಾಲ್ಕು ತಾಲೂಕಿಗೆ ಒಂದು ಮನೆ ಅಲ್ವಾ ಸಾರ್? ನಿಮ್ಮ ಹೆಸರೂ ಬಂದುಬಿಡ್ತದೆ.”

ಅವನ ಮಾತು ಹೊಟ್ಟೆಗೆ ಹಾಲು ಹುಯ್ದ ಹಾಗಿತ್ತು. ಫೋನಿಟ್ಟು ಬಂದು ಊಟಕ್ಕೆ ಕೂತು, ನಡೆದದ್ದನ್ನೆಲ್ಲ ಜಾನಕಮ್ಮನಿಗೆ ಹೇಳಿ, “ಒಂದೇ ಮನೆ ಅಲ್ವೇನೇ?” ಅಂದರು.

ಜಾನಕಮ್ಮ ಸಾರು ಬಡಿಸುತ್ತಾ ಕೇಳಿದರು, “ಗೌರಿಬಿದನೂರಿನ ನಿಮ್ಮ ಚಿಕ್ಕಪ್ಪನ ಮಗನ ಹೆಸರೇನೂಂದ್ರೆ?”

“ಇದೇನು ಹೊಸದಾಗಿ ಕೇಳ್ತೀಯಾ? ದಕ್ಷಿಣಾಮೂರ್ತಿ. ತಾತನ ಹೆಸರು.”

“ನಿಮ್ಮ ಇಲಾಖೆಯಲ್ಲೇ ಇದ್ದ ಅವರ ವರ್ಗಾವಣೆ ಆರ್ಡರು ನಿಮಗೆ ಬಂದು, ನೀವು ಹಿಂದೆಮುಂದೆ ನೋಡದೆ ಟ್ರಂಕು ಹಾಸಿಗೆ ಎಲ್ಲಾ ಕಟ್ಟಿಸಿಬಿಟ್ಟಿದ್ರಲ್ಲ, ಮರೆತುಹೋಯ್ತೇ? ಬಸುರಿ ಹೆಂಗಸು ನಾನು, ಕಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಿದ್ದು ನಾನು.”

ದಕ್ಷಿಣಾಮೂರ್ತಿಯವರು ತಲೆ ಬಗ್ಗಿಸಿ ಊಟ ಮುಗಿಸಿದರು. ಜಾನಕಮ್ಮನಿಗೂ ಆ ಪುಸ್ತಕದ ಮೇಲೆ ಆಸೆ ಇತ್ತು, ಅದನ್ನು ಮುಚ್ಚಿಡುವುದು ಆಕೆಗೆ ಬರುತ್ತಿರಲಿಲ್ಲ.

ಶುಕ್ರವಾರ ಚಿಕ್ಕಬಳ್ಳಾಪುರದ ಸಭೆಯಲ್ಲಿ ಮೇಜಿನ ಮೇಲೆ ಹಾರ, ಬೊಕೆ, ಮೈಸೂರುಪಾಕಿನ ಡಬ್ಬಗಳು. ಡಾಕ್ಟರ್ ಯಾಮಿನಿ ಒಂದೊಂದೇ ಕಲಮಿನ ಸಂಖ್ಯೆ ಓದಿ “ಆಕ್ಷೇಪಣೆ?” ಅನ್ನುತ್ತಿದ್ದರು. ಎಲ್ಲರೂ “ಇಲ್ಲ” ಅನ್ನುತ್ತಿದ್ದರು. ಹದಿನಾರಕ್ಕೆ ಬಂದಾಗ ದಕ್ಷಿಣಾಮೂರ್ತಿಯವರು ಎದ್ದು ನಿಂತರು.

“ನನ್ನದಿದೆ ಮೇಡಂ.”

“ಇದು ನಿಮ್ಮದೇ ಕಲಮಲ್ವಾ ಮೂರ್ತಿಯವರೇ?”

“ಹೌದು. ಆಕ್ಷೇಪಣೇನೂ ನನ್ನದೇ.”

ಮೇಲೂರಿನ ಮನೆಯ ಕಥೆ ಹೇಳಿದರು. ಸುತ್ತೋಲೆಯನ್ನೂ ಕರಪತ್ರವನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, “ಇಲ್ಲಿರೋರ ಮನೆಗಳಲ್ಲಿ ತಾತನ ಹೆಸರು ಒಬ್ಬರಿಗಿಂತ ಹೆಚ್ಚು ಜನಕ್ಕೆ ಇಟ್ಟಿರೋದು ಎಷ್ಟು ಮನೇಲಿ?” ಅಂದರು. ಚಿಂತಾಮಣಿಯ ಪರವಾಗಿ ಬಂದಿದ್ದ ರಮೇಶ್‌ಬಾಬು ಕೆಂಚಾರ್ಲಹಳ್ಳಿಯವನು. ತಲೆ ಕೆರೆದುಕೊಂಡು, “ನಮ್ಮನೇಲೇ ನಾಲ್ಕು ಜನ ಅವ್ರೆ,” ಅಂದ. ಗೌರಿಬಿದನೂರಿನ ಸಂಘಮಿತ್ರ, “ನಮ್ಮತ್ತೆ ಮನೇಲಿ ಇಬ್ರು,” ಅಂದಳು. ಮಂಡಿಕಲ್ಲಿನಿಂದ ಬಂದಿದ್ದ ಚಿಕ್ಕಬಳ್ಳಾಪುರದ ಸದಸ್ಯರು ಬೆರಳು ಮಡಿಸಿ ಎಣಿಸತೊಡಗಿದರು.

ಪ್ರಯೋಗದ ಹಳ್ಳಿಗಳಲ್ಲಿ ಹದಿನಾರನೇ ಕಲಮು ಎಷ್ಟು ದಾಖಲೆ ಒಂದುಗೂಡಿಸಿದೆ ಅಂತ ವಿವೇಕ್ ತೆಗೆದ. ಇನ್ನೂರ ಹನ್ನೆರಡು. ಡಾಕ್ಟರ್ ಯಾಮಿನಿ ಬೊಕೆ ಪಕ್ಕಕ್ಕಿಟ್ಟು, “ಮೊದಲ ಇಪ್ಪತ್ತು ಮನೆಗೆ ಈಗಲೇ ಫೋನ್ ಮಾಡಿ,” ಅಂದರು. ಎಲ್ಲರೂ ಹಂಚಿಕೊಂಡು ಮಾಡಿದರು. ಒಂದೂವರೆ ಗಂಟೆ ಹಿಡಿಯಿತು. ಇಪ್ಪತ್ತರಲ್ಲಿ ಹದಿಮೂರು ಸರಿಯಾಗಿತ್ತು. ಏಳು ಮನೆಯಲ್ಲಿ ಒಬ್ಬರಲ್ಲ, ಇಬ್ಬರಿದ್ದರು. ಅದರಲ್ಲೊಬ್ಬಳು ಸಕ್ಕರೆ ಕಾಯಿಲೆಯ ಅಜ್ಜಿ, ಕಂಪ್ಯೂಟರಿನ ಪ್ರಕಾರ ಗಟ್ಟಿಮುಟ್ಟು.

“ಮುಂದಕ್ಕೆ ಹಾಕಲೇಬೇಕು,” ಅಂದರು ಡಾಕ್ಟರ್ ಯಾಮಿನಿ. ಆಮೇಲೆ ದನಿ ತಗ್ಗಿಸಿ, “ಮೂರು ತಿಂಗಳಾದ್ರೂ ಬೇಕು. ನಿಮ್ಮ ಹೆಸರು ಇರಲ್ಲ ಮೂರ್ತಿಯವರೇ, ಗೊತ್ತಲ್ವಾ?” ಅಂದರು.

“ಗೊತ್ತು ಮೇಡಂ.”

ಮನಸ್ಸು ಹಗುರಾಯಿತು ಅಂತೆಲ್ಲ ಹೇಳಿದರೆ ಸುಳ್ಳಾಗುತ್ತದೆ. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ದಕ್ಷಿಣಾಮೂರ್ತಿಯವರ ಹೊಟ್ಟೆ ಉರಿಯುತ್ತಿತ್ತು. ಹೇಗೂ ತಂದದ್ದು ಅಂತ ಎಲ್ಲರಿಗೂ ಹಂಚಿದ್ದ ಮೈಸೂರುಪಾಕಿನ ಡಬ್ಬ ಬಿಚ್ಚಿ, ಸಕ್ಕರೆ ತಿನ್ನಬಾರದೆಂಬುದನ್ನೂ ಮರೆತು, ನಾಲ್ಕೂ ತುಂಡು ಒಬ್ಬರೇ ತಿಂದರು. ಮುಂದಿನ ವಾರ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಚೇರಿಯವರು ಬೀಳ್ಕೊಟ್ಟರು.

ಫೆಬ್ರವರಿಯಲ್ಲಿ ಮಾನದಂಡಕ್ಕೆ ಒಪ್ಪಿಗೆ ಸಿಕ್ಕಿತು. ವೆಂಕಟರತ್ನಮ್ಮ ಪುಟಗಳ ಫೋಟೋ ಕಳಿಸಿದರು. ಹದಿನಾರನೇ ಕಲಮು ಬದಲಾಗಿತ್ತು. ಮನೆಯವರೊಬ್ಬರನ್ನು ಕೇಳದೆ ಯಾರ ದಾಖಲೆಯನ್ನೂ ಒಂದುಗೂಡಿಸುವಂತಿಲ್ಲ. ಆಗದ ಔಷಧಿಯ ಹೆಸರು ಒಮ್ಮೆ ಬಂದರೆ ಡಾಕ್ಟರ ರುಜುವಿಲ್ಲದೆ ಅಳಿಸುವಂತಿಲ್ಲ. ಕೊನೆಗೆ ಕಡ್ಡಾಯವಾದ ಹೊಸ ಕಾಲಂ ಒಂದು: ಮನೆಯಲ್ಲಿ ಕರೆಯುವ ಹೆಸರು. ಮೊದಲ ಪುಟದಲ್ಲಿ ಶಿಡ್ಲಘಟ್ಟದ ಎದುರಿಗೆ ಮೋಹನ್‌ಬಾಬು ಅಂತ ಇತ್ತು. ಇವರ ಜಾಗಕ್ಕೆ ಬಂದು ಒಂದೇ ಒಂದು ಸಭೆಗೆ ಹೋಗಿದ್ದವನು! ಜಾನಕಮ್ಮ ಎರಡು ದಿನ ಮೋಹನ್‌ಬಾಬುವಿನ ವಂಶವನ್ನೆಲ್ಲ ಜಾಲಾಡಿಸಿ, ಮೂರನೇ ದಿನ ಗಾಜಿನ ನವಿಲನ್ನು ಅದರ ಜಾಗಕ್ಕೇ ತಂದಿಟ್ಟರು.

ಮಾರ್ಚಿನಲ್ಲಿ ಬಿಪಿ ತೋರಿಸಲು ಗಂಡಹೆಂಡಿರು ಆಸ್ಪತ್ರೆಗೆ ಹೋದರು. ಮೂವತ್ತಾರು ವರ್ಷ ಒಳಗೆ ಕೂತಿದ್ದ ಮನುಷ್ಯ ಮೊದಲ ಸಲ ಹೊರಗಿನ ಸಾಲಿನಲ್ಲಿ ನಿಂತರು. ಕೌಂಟರಿನಲ್ಲಿ ಮಾಲಾ ಅನ್ನುವ ಹೊಸ ಹುಡುಗಿ ಕೂತಿದ್ದಳು. ಇವರು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ.

“ದಕ್ಷಿಣಾಮೂರ್ತಿ… ಸಾರ್, ಗೌರಿಬಿದನೂರಲ್ಲಿ ಒಬ್ರು ಇದೇ ಹೆಸರಿನೋರು ಅವ್ರೆ, ಇದೇ ವರ್ಷ ಹುಟ್ಟಿರೋದು. ನೀವೇನಾ?”

“ಅಲ್ಲಮ್ಮ. ಅವನು ನಮ್ಮ ಚಿಕ್ಕಪ್ಪನ ಮಗ.”

“ಸರಿ, ಬೇರೆ ಅಂತ ಹಾಕ್ತೀನಿ. ಮನೇಲಿ ಏನಂತ ಕರೀತಾರೆ ಸಾರ್?”

ದಕ್ಷಿಣಾಮೂರ್ತಿಯವರ ಮುಖ ಕೆಂಪಾಯಿತು. “ಅದೊಂದು ಬಿಟ್ಟುಬಿಡಮ್ಮ.”

“ಬಿಡೋ ಹಂಗಿಲ್ಲ ಸಾರ್, ಕಡ್ಡಾಯ. ಹಾಕದೇ ಇದ್ರೆ ಮುಂದಕ್ಕೇ ಹೋಗಲ್ಲ. ಯಾರೋ ಪುಣ್ಯಾತ್ಮರು ರೂಲ್ ಮಾಡವ್ರೆ.”

ಜಾನಕಮ್ಮ ಬೇರೆ ಕಡೆ ಮುಖ ತಿರುಗಿಸಿ ನಗು ತಡೆದುಕೊಂಡರು. ಹೆಸರೇನೋ ಇತ್ತು. ಕರೆಯುತ್ತಿದ್ದದ್ದು ತಾಯಿ ಒಬ್ಬರೇ. ಅವರು ಹೋಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಂದಿನಿಂದ ಅದು ಯಾರ ಬಾಯಲ್ಲೂ ಬಂದಿರಲಿಲ್ಲ. ದಕ್ಷಿಣಾಮೂರ್ತಿಯವರು ಕಿಟಕಿಯ ಕಡೆ ಬಗ್ಗಿ, ಹಿಂದಿನವರಿಗೆ ಕೇಳಿಸದ ಹಾಗೆ ಹೇಳಿದರು. ಹುಡುಗಿ ನಗಲಿಲ್ಲ, ಟೈಪು ಮಾಡಿ ಚೀಟಿ ಕೊಟ್ಟಳು.

ಬೆಂಚಿನ ಮೇಲೆ ಕೂತರು. ಡಾಕ್ಟರ ಕೋಣೆಯ ಬಾಗಿಲಲ್ಲಿ ನರ್ಸೊಬ್ಬಳು ಪರದೆ ನೋಡಿ ಒಬ್ಬೊಬ್ಬರನ್ನೇ ಕೂಗುತ್ತಿದ್ದಳು. “ನಡಿಪೋಡು!” ಅಂದಳು. ಮೂಲೆಯಲ್ಲಿದ್ದ ನಡಿಪೋಡು ಥಟ್ಟನೆ ಎದ್ದ. ಇವರನ್ನು ಕಂಡು ಕೈ ಮುಗಿದು, ಬನಿಯನ್ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಕೆಂಪಕ್ಷರದ ಚೀಟಿಯ ತುದಿ ಎಳೆದು ತೋರಿಸಿ, ಒಳಗೆ ಹೋದ. ದಕ್ಷಿಣಾಮೂರ್ತಿಯವರಿಗೆ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಹಾಗೆ ಒರೆಸುತ್ತಿರುವಾಗಲೇ ಬಾಗಿಲಿಂದ ಕೂಗು ಬಂತು, ಇಡೀ ವರಾಂಡಕ್ಕೆ ಕೇಳುವ ಹಾಗೆ.

“ಪಾಪು! ಯಾರಪ್ಪ ಪಾಪು? ಒಳಗ್ ಬನ್ನಿ!”

ಸಾಲಿನಲ್ಲಿದ್ದವರು ಮಗು ಎಲ್ಲಿದೆ ಅಂತ ಅತ್ತಿತ್ತ ನೋಡಿದರು. ಜಾನಕಮ್ಮ ಈ ಸಲ ನಗಲಿಲ್ಲ, ಗಂಡನ ತೋಳು ಮುಟ್ಟಿದರು.

“ಬಂದೆ,” ಅಂದರು ದಕ್ಷಿಣಾಮೂರ್ತಿ. ಎದ್ದು ಕನ್ನಡಕ ಹಾಕಿಕೊಂಡು ಒಳಗೆ ಹೋದರು.